ಶರಣಮ್ಮನವರೊಡನೆ ನನ್ನ ಕತ್ತಿವರಸೆ

ಆಟದ ಕತ್ತಿಯ ತುದಿಗೆ ತೊಗರಿಕಾಳಿನಷ್ಟು ದಪ್ಪದ ಒಂದು ಗುಂಡಿ ಇರುತ್ತದೆ. ಎದೆಗೇ ಚುಚ್ಚಿದರೂ ಅಂಗಿ ಸುಕ್ಕಾಗುತ್ತದೆ, ಅಷ್ಟೇ. ಹೈದರಾಬಾದಿನ ಕಾಲೇಜಿನಲ್ಲಿ ನಾನು ಕತ್ತಿವರಸೆ ಕಲಿತೆ. ಕೂಗಾಡುವ ಆಟಗಳು ನನಗೆ ಆಗುತ್ತಿರಲಿಲ್ಲ. ಇದರಲ್ಲಿ ಮುಖಕ್ಕೆ ಜಾಲರಿ ಹಾಕಿಕೊಳ್ಳಬಹುದೆಂಬುದೇ ದೊಡ್ಡ ಆಕರ್ಷಣೆ.

ಪೊಲೀಸ್ ಆ್ಯಕ್ಷನ್ ಮುಗಿದು, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳಿದಾಗ, ಶಹಾಪುರದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಕತ್ತಿಯೂ ಬಂತು, ಎದುರಾಳಿ ಬರಲಿಲ್ಲ. ಒಬ್ಬರೇ ಕುಳಿತು ಇಸ್ಪೀಟಾದರೂ ಆಡಬಹುದು, ಕತ್ತಿವರಸೆ ಆಗುವುದಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಮಾತನಾಡಿಸುತ್ತಿದ್ದವರು ನಾನು ಬಾಡಿಗೆಗಿದ್ದ ಮನೆಯ ಒಡತಿ ಶರಣಮ್ಮ ಒಬ್ಬರೇ.

ಆಟದ ನಿಯಮ ಹೀಗಿದೆ: ಮೊದಲು ಕೈಚಾಚಿ ಮುನ್ನುಗ್ಗಿದವಳಿಗೆ ಹಕ್ಕು. ಅವಳ ಕತ್ತಿಯನ್ನು ಬದಿಗೆ ತಳ್ಳಿದ ಮೇಲೆಯೇ ನಾವು ತಿರುಗಿ ಚುಚ್ಚಬೇಕು. ನಾನು ಇದನ್ನು ಮಾತಿಗೂ ಹಚ್ಚಿದೆ. "ಲಗ್ನ ಯಾವಾಗ್ರಿ ಅಕ್ಕೋರ?" ಎಂದು ಶರಣಮ್ಮ ಮುನ್ನುಗ್ಗಿದರೆ, "ಆದಾಗ ಹೇಳುತ್ತೇನೆ" ಎಂದು ತಳ್ಳಿ, "ನಿಮ್ಮ ಎಮ್ಮೆ ಈಯಿತೇ?" ಎಂದು ಚುಚ್ಚುತ್ತಿದ್ದೆ.

"ದಿನಾ ಕೇಳಿದ್ರ ದಿನಾ ಈಯ್ತದೇನ್ರಿ? ಅದಿರ್ಲಿ, ಒಬ್ಬಾಕಿಗೆ ಬ್ಯಾಸರ ಬರಂಗಿಲ್ಲೇನು?"

"ಓದುವುದಿರುತ್ತದೆ. ನಿಮಗೆ ಬೇಸರ ಬರುತ್ತದೆಯೇ?"

ಐದು ಸಲ ತಾಕಿಸಿದವರು ಗೆದ್ದಂತೆ. ದಿನವೂ ನಾನೇ ಗೆಲ್ಲುತ್ತಿದ್ದೆ. ಬರಬರುತ್ತ ಶರಣಮ್ಮ ನನ್ನ ಬಾಗಿಲಿಗೆ ಬರುವುದನ್ನೇ ಬಿಟ್ಟರು.

ಒಂದು ಸಂಜೆ, ಗಾಳಿಗೆ ಅಂಗಳಕ್ಕೆ ಹಾರಿದ್ದ ನನ್ನ ಸೀರೆ ಕೊಡಲು ಬಂದ ಶರಣಮ್ಮ ಗೋಡೆಯ ಮೇಲಿನ ಕತ್ತಿಯನ್ನು ನೋಡಿ ಅದೇನೆಂದು ಕೇಳಿದರು. ಕುತ್ತಿಗೆಯ ಕೆಳಗಿನಿಂದ ಸೊಂಟದವರೆಗೆ ತಾಕಿದರೆ ಮಾತ್ರ ಅಂಕ, ತಲೆ, ಕೈಕಾಲು ಲೆಕ್ಕಕ್ಕಿಲ್ಲ ಎಂದು ವಿವರಿಸಿದೆ.

"ತಲಿಗಿ ಬಡದರ ಲೆಕ್ಕಿಲ್ಲಾ? ಹಂಗಾರ ನಮ್ಮತ್ತಿ ಜೀವಮಾನದಾಗ ಒಂದಾಟ ಗೆದ್ದಿಲ್ಲ ಬಿಡ್ರಿ!"

ನಾನು ನಕ್ಕೆ. ಶಹಾಪುರದಲ್ಲಿ ಅದೇ ಮೊದಲಿರಬೇಕು.

"ತಾಕ್ಯಾದೋ ಇಲ್ಲೋ, ಯಾರ್ರಿ ಹೇಳೋರು?"

"ಪಂಚರಿರುತ್ತಾರೆ. ಆದರೆ ಮರ್ಯಾದಸ್ಥರು ತಾಕಿದ ಕೂಡಲೇ ತಾವೇ ಒಪ್ಪಿಕೊಳ್ಳುತ್ತಾರೆ."

ಶರಣಮ್ಮ ಸೀರೆ ಮಡಚಿ ನನ್ನ ಕೈಗಿತ್ತರು. "ಹಂಗಾರ ನಿಮ್ಮನ್ನ ಸೋಲಸೂದು ಯಾರ ಕೈಲೂ ಆಗಂಗಿಲ್ಲ, ಅಕ್ಕೋರ. ತಾಕಿದ್ರೂ ನೀವು ಒಪ್ಪಂಗಿಲ್ಲ," ಎಂದು ಹೊರಟೇಬಿಟ್ಟರು. 

ಮರುದಿನ ಬೆಳಿಗ್ಗೆ ಅವರು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. "ಏನ್ ಬೇಕಿತ್ರಿ?" ಎಂದರು, ತಲೆಯೆತ್ತದೆ. ಬೆಂಕಿಪೆಟ್ಟಿಗೆ ಎಂದುಬಿಡಬಹುದಿತ್ತು.

"ಭಾಳ ಬ್ಯಾಸರ ಆಗ್ಯಾದ್ರಿ," ಎಂದೆ.

ನನ್ನ ಬಾಯಲ್ಲಿ ಅವರ ಮಾತು ಹೇಗೆ ಕೇಳಿಸಿತೋ, ಶರಣಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನಾನು ತಿರುಗಿ ಏನನ್ನೂ ಕೇಳದೆ, ಒಲೆಯ ಪಕ್ಕ ಕುಳಿತುಬಿಟ್ಟೆ.