ಬೀರುವಿನೊಳಗಿನ ಫಿಲಡೆಲ್ಫಿಯಾ

ರೆಡಿಂಗ್ ಊರಿನ ಎಲ್ವುಡ್ ರಿಕರ್ಟ್‌ಗೆ ಅಮೆರಿಕ ದೇಶ ನೋಡಲು ಮನೆ ಬಿಟ್ಟು ಹೊರಡುವ ಅಗತ್ಯವೇ ಇರಲಿಲ್ಲ. ದೇಶವೇ ಅವನ ಊಟದ ಕೋಣೆಯ ಬೀರುವಿನಲ್ಲಿ ಬಂದು ಕೂತಿತ್ತು. ನ್ಯೂಯಾರ್ಕಿನ ಗೋಪುರ, ಬಾಸ್ಟನ್ನಿನ ಸಭಾಭವನ, ಫಿಲಡೆಲ್ಫಿಯಾದ ಸ್ವಾತಂತ್ರ್ಯ ಭವನ, ಎಲ್ಲವೂ ಗೇಣುದ್ದದವು, ಎರಕದ ಕಬ್ಬಿಣದವು, ಅಜ್ಜಂದಿರ ಕಾಲದ ಕಾಸಿನ ಹುಂಡಿಗಳು. (ಪಿಂಗಾಣಿ ತಟ್ಟೆಗಳು ಮಂಚದ ಕೆಳಗೆ ಗಡೀಪಾರಾಗಿದ್ದವು.)

ಒಂದು ಬೆಳಗ್ಗೆ ಧೂಳು ಒರೆಸಲೆಂದು ಸ್ವಾತಂತ್ರ್ಯ ಭವನವನ್ನು ಎತ್ತಿದರೆ ಅದು ಗಲಗಲ ಎಂದಿತು. ಎಲ್ವುಡ್ ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಓಡಿದ.

"ವರ್ನಾ, ಇದರೊಳಗೆ ಕಾಸು ಹಾಕಿದ್ಯಾರು?"

"ನಾನೇ," ಎಂದಳು ಹೆಂಡತಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. "ಹುಂಡಿಗೆ ಕಾಸಲ್ಲದೆ ಇನ್ನೇನು ಹಾಕ್ಬೇಕಿತ್ತು, ಉಪ್ಪಿನಕಾಯಿನಾ?"

"ಕಾಸು ಹಾಕೋ ಸೀಳಿನ ಅಂಚಲ್ಲಿ ಬಣ್ಣ ಕಿತ್ತುಹೋಗುತ್ತೆ ಕಣೇ."

"ಹೋಗ್ಲಿ ಬಿಡು. ಅದು ನನ್ನ ಬಸ್ಸಿನ ದುಡ್ಡು. ಮದುವೆಯಾದಾಗಿಂದ ಕೇಳ್ತಾ ಇದೀನಿ, ಆ ಭವನ ತೋರ್ಸು ಅಂತ. ಬೆಳಗ್ಗೆ ಹೋಗಿ ಸಂಜೆ ಬರೋ ದೂರ. ಪ್ರತಿ ಸಲ ಈ ಕಬ್ಬಿಣ ತಂದು ಎದುರಿಗಿಟ್ಟು, ನೋಡ್ಕೋ ಅಂತೀಯ."

ಶನಿವಾರ ಇಬ್ಬರೂ ಹೋದರು.

ಕೆಂಪು ಇಟ್ಟಿಗೆಯ ನಿಜವಾದ ಭವನದ ಮುಂದೆ ನಿಂತ ಸಂಗ್ರಾಹಕ ಶಿರೋಮಣಿಗೆ ಭಾರಿ ನಿರಾಸೆ.

"ಗೋಪುರ ಸ್ವಲ್ಪ ಸಣ್ಣಗಾಯ್ತು. ಕಿಟಕಿ ಬೇರೆ ಜಾಸ್ತಿ. ಕಾಸಿನ ಸೀಳು ಹಿಂದುಗಡೆ, ಆ ಸೂರಿನ ಹತ್ರ ಬರ್ಬೇಕಿತ್ತು..."

ವರ್ನಾ ಬೀದಿಯಲ್ಲಿ ಕೊಂಡ ಪ್ರೆಟ್ಜೆಲ್ ತಿನ್ನುವುದನ್ನೂ ಮರೆತು, ಕತ್ತೆತ್ತಿ ನಿಂತಿದ್ದಳು. ಗೋಪುರದ ಗಡಿಯಾರ ಹೊಡೆಯಿತು. ಅವಳ ಕಣ್ಣು ತುಂಬಿತು.

ಅವಳ ಮುಖ ಹೀಗೆ ಅರಳಿದ್ದನ್ನು ಎಲ್ವುಡ್ ಕೊನೆಯ ಸಲ ಕಂಡಿದ್ದು ಮದುವೆಗೆ ಮುಂಚೆ, ಕುಣಿತದ ಸಂಜೆಯೊಂದರಲ್ಲಿ. ಈ ಮುಖ ಇಷ್ಟು ವರ್ಷ ಇಷ್ಟು ಹತ್ತಿರವೇ ಇತ್ತಲ್ಲ, ಒಂದು ಬಸ್ಸು ಹತ್ತಿದ್ದರೆ ಸಿಗುತ್ತಿತ್ತಲ್ಲ ಎನಿಸಿತು. ಇನ್ನು ಇವಳಿಗೆ ತೋರಿಸದೆ ಒಂದು ಊರನ್ನೂ ಬಿಡೆನೆಂದು ಅಲ್ಲೇ ಭೀಷ್ಮಪ್ರತಿಜ್ಞೆ ಮಾಡಿದ.

"ವರ್ನಾ, ನ್ಯೂಯಾರ್ಕಿಗೂ ಹೋಗೋಣ. ನಾವಿಬ್ರೇ."

"ಮುಂದಿನ ತಿಂಗಳು ಹೋಗ್ತಿದೀನಿ. ಚರ್ಚಿನವರೆಲ್ಲ ಸೇರಿ ಬಸ್ ಮಾಡಿದೀವಿ."

"ನನಗೂ ಒಂದು ಸೀಟು ಹಿಡೀಬಹುದಿತ್ತಲ್ಲ."

"ಹಿಡಿದಿದ್ದೆ," ಎಂದಳು ವರ್ನಾ, ಗೋಪುರದಿಂದ ಕಣ್ಣು ಕೀಳದೆ. "ಈಗಷ್ಟೇ ಮನಸ್ಸು ಬದಲಾಯ್ತು. ನಿನ್ನ ಸೀಟಿಗೆ ತಂಗೀನ ಕರ್ಕೊಂಡು ಹೋಗ್ತೀನಿ. ಅವಳು ಬಾಯಿ ಮುಚ್ಕೊಂಡು ನೋಡ್ತಾಳೆ."

ಎಲ್ವುಡ್ ತಕ್ಷಣ ಬಾಯಿ ಮುಚ್ಚಿಕೊಂಡು ಗೋಪುರ ನೋಡತೊಡಗಿದ. ಬಹಳ ಹೊತ್ತು, ಬಹಳ ಭಕ್ತಿಯಿಂದ ನೋಡಿದ. ವರ್ನಾ ಮಾತ್ರ ಒಮ್ಮೆಯೂ ಅವನ ಕಡೆ ತಿರುಗಲಿಲ್ಲ.