ಭಾವ ಟವೆಲ್ ಹಾಕಿದ ಜಾಗ

ನಮ್ಮ ಭಾವನ ಟವೆಲ್ ಬೀಳದ ಜಾಗ ಹ್ಯೂಸ್ಟನ್ ಸುತ್ತಮುತ್ತ ಇನ್ನೂ ಏನಾದರೂ ಉಳಿದಿದ್ದರೆ ಅದು ಕ್ಲಿಯರ್ ಲೇಕಿನ ಬಾಹ್ಯಾಕಾಶ ಕೇಂದ್ರ ಒಂದೇ! ಅದೂ ರಾಕೆಟ್ಟಿಗೆ ಕಿಟಕಿಯಿಂದ ಟವೆಲ್ ಎಸೆಯಲು ಬರುವುದಿಲ್ಲ ಎನ್ನುವ ಕಾರಣಕ್ಕೆ.

ಭಾವ ಧಾರವಾಡದವರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ತೂರಿಸಿ ಸೀಟು ಹಿಡಿಯುವ ವಿದ್ಯೆಯಲ್ಲಿ ಪಾರಂಗತರು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಬಂದು ನೆಲೆಸಿ ಎಷ್ಟೋ ವರ್ಷಗಳಾದವು. ತಲೆಯ ಮೇಲಿನ ಕೂದಲು ಹೋಯಿತು, ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ ಹೋಗಲಿಲ್ಲ. ಇಲ್ಲಿಯ ಸಿಟಿಯವರು ಜನ ಆಡಲಿ, ಓಡಾಡಲಿ ಎಂದು ಏನೆಲ್ಲ ಮಾಡಿಟ್ಟಿದ್ದಾರೆ! ಟೆನಿಸ್ ಕೋರ್ಟು, ಬ್ಯಾಡ್ಮಿಂಟನ್ ಹಾಲು, ಕೆರೆಯ ಸುತ್ತ ನಡೆಯುವ ದಾರಿ, ಈಜುಕೊಳ, ಪಾರ್ಕಿನಲ್ಲಿ ಊಟದ ಮೇಜು. ಫೋನಿನಲ್ಲಿ ಒತ್ತಿದರೆ ಬುಕ್ ಆಗುತ್ತದೆ. ಭಾವನೂ ಬುಕ್ ಮಾಡುತ್ತಾರೆ. ಆಮೇಲೆ ಅರ್ಧ ಗಂಟೆ ಮೊದಲೇ ಹೋಗಿ ಟವೆಲ್ಲನ್ನೂ ಹಾಕುತ್ತಾರೆ!

"ಬುಕ್ ಆಗಿದೆಯಲ್ಲ ಭಾವ, ಟವೆಲ್ ಯಾಕೆ?" ಎಂದು ಕೇಳಿದ್ದೆ.

"ಫೋನ್ ಬಂದ್ ಆತಂದ್ರ ಏನ್ ಮಾಡ್ತಿ? ಟವೆಲ್ ಎಲ್ಲರೆ ಬಂದ್ ಬೀಳ್ತದೇನು?"

ನಾದಿನಿಯಾದ ನಾನು ಟವೆಲ್ಲಿಗೆ ಕಾವಲು ನಿಂತೆ.

ಒಮ್ಮೆ ಟೆನಿಸ್ ನೆಟ್ಟಿನ ಮೇಲೆ ಟವೆಲ್ ಹಾಕಿ ನೀರು ಕುಡಿಯಲು ಹೋಗಿದ್ದರು. ಯಾರೋ ಒಳ್ಳೆಯ ಹುಡುಗರು, ಪಾಪ, ಯಾರೋ ಕಳೆದುಕೊಂಡಿದ್ದಾರೆಂದು ಅದನ್ನು ಒಯ್ದು ಕೌಂಟರಿಗೆ ಕೊಟ್ಟರು. ಭಾವ ಅಲ್ಲಿಗೇ ಹೋಗಿ, ಕೌಂಟರಿನ ಹೆಂಗಸಿಗೆ ಬಸ್ಸು, ಕಿಟಕಿ, ಸೀಟು ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ನನಗೆ ನಾಚಿಕೆಯಾಗಿ ಗೋಡೆಯ ಮೇಲಿನ ನಿಯಮಗಳನ್ನೆಲ್ಲ ಓದಿ ಮುಗಿಸಿದೆ. ಮುಂದಿನ ವಾರ ನೋಡುತ್ತೇನೆ, ಫ್ಯಾನಿನ ಕೆಳಗಿನ ಒಂದೇ ಒಂದು ಕುರ್ಚಿಯ ಮೇಲೆ ಆ ಹೆಂಗಸಿನ ಜಾಕೆಟ್ಟು! ಭಾವನನ್ನು ನೋಡಿ ಆಕೆ ಕಣ್ಣು ಹೊಡೆದಳು. ಶಿಷ್ಯವರ್ಗ ಬೆಳೆಯುತ್ತಿತ್ತು.

ಇಷ್ಟೆಲ್ಲ ಕೋರ್ಟು ಹಿಡಿದು ಆಡುವುದು ಹೇಗೆ ಅಂತೀರಾ? ಅದನ್ನು ಕೇಳಬೇಡಿ. ಚೆಂಡು ನೆಟ್ಟಿಗೆ ಬೀಳುವ ಮೊದಲೇ "ಸಾರಿ" ಅನ್ನುವ ಆಟಗಾರ ಅವರೊಬ್ಬರೇ. ಆಟ ಬರುತ್ತಿದ್ದದ್ದು ನಮ್ಮ ಅಕ್ಕನಿಗೆ. ಬ್ಯಾಡ್ಮಿಂಟನ್ನಿನಲ್ಲಿ ಭಾವನನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಿದ್ದಳು. ಕೆರೆ ಸುತ್ತುವಾಗ ಅವಳು ಮುಂದೆ, ಏದುಸಿರು ಬಿಡುತ್ತ ಭಾವ ಹಿಂದೆ.

ಅಂಥ ಅಕ್ಕ ಮೊಣಕಾಲಿನ ಆಪರೇಷನ್ ಆದಮೇಲೆ ಸೋಫಾ ಹಿಡಿದುಬಿಟ್ಟಳು. ನೋವಿಗೆ ಹೆದರಿ ನಡೆಯುವುದನ್ನೇ ಬಿಟ್ಟಳು. "ನೀರಿನಲ್ಲಿ ನಡೆದರೆ ನೋವು ಕಡಿಮೆ. ಹೀಗೇ ಕೂತರೆ ಕಾಲು ಮಡಚಲು ಬಾರದಂತಾಗುತ್ತದೆ" ಎಂದರು ಡಾಕ್ಟರು.

"ಈ ವಯಸ್ಸಲ್ಲಿ ಆ ಬಟ್ಟೆ ಹಾಕ್ಕೊಂಡು ಎಲ್ಲರ ಮುಂದೆ ನೀರಿಗಿಳೀಬೇಕಾ? ನನ್ ಕೈಲಾಗಲ್ಲ" ಎಂದಳು ಅಕ್ಕ. ನಾನು ಬೈದೆ, ಕಾಡಿದೆ, ಬೇಡಿಕೊಂಡೆ. ಊಹೂಂ.

ಭಾವ ಬೈಯಲಿಲ್ಲ. ಹೋಗಿ ಈಜುಕೊಳದಲ್ಲಿ ಹಿರಿಯರಿಗೆಂದು ನಡೆಯುವ ವ್ಯಾಯಾಮದ ಕ್ಲಾಸಿಗೆ ತಾವೇ ಸೇರಿಬಿಟ್ಟರು! ಮೊಣಕಾಲು ಯಾರದು, ಕ್ಲಾಸು ಯಾರಿಗೆ? ಅದಿರಲಿ, ತಲೆಗೆ ಒಂದು ಚೊಂಬು ನೀರು ಸುರಿದುಕೊಳ್ಳುವಾಗಲೂ ನಲ್ಲಿ ಹಿಡಿದು ನಿಲ್ಲುವ ಮನುಷ್ಯ ಇವರು. ಕ್ಲಾಸಿನ ತುಂಬ ಅಮೆರಿಕದ ಅಜ್ಜಿಯರು, ನಡುವೆ ನಮ್ಮ ಭಾವ! ಕಲಿತದ್ದನ್ನು ಮನೆಯ ಕಾರ್ಪೆಟ್ಟಿನ ಮೇಲೆ ಅಕ್ಕನಿಗೆ ಮಾಡಿ ತೋರಿಸುತ್ತಿದ್ದರು. ಒಂದು ಕಾಲೆತ್ತಿ, ಎರಡೂ ಕೈಯಿಂದ ಗಾಳಿ ತಳ್ಳಿ, ಟೀಪಾಯಿಗೆ ಡಿಕ್ಕಿ ಹೊಡೆದು.

"ನೀರೇ ಇಲ್ಲದೆ ಮುಳುಗ್ತಾ ಇದೀರಲ್ಲ ರೀ!" ಎಂದು ಅಕ್ಕ ನಗುತ್ತಿದ್ದಳು. ನಗುತ್ತಿದ್ದಳು, ಏಳುತ್ತಿರಲಿಲ್ಲ.

ಒಂದು ಶನಿವಾರ ಭಾವನ ಕಾರು ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ಅವರನ್ನು ಕ್ಲಾಸಿಗೆ ಬಿಟ್ಟುಬಂದೆ, ಮುಗಿಯುವ ಹೊತ್ತಿಗೆ ಕರೆತರಲು ಹೊರಟಾಗ ಗಾಳಿಗೆಂದು ಅಕ್ಕನನ್ನೂ ಬಲವಂತವಾಗಿ ಹೊರಡಿಸಿದೆ. ಕಾರಿನಲ್ಲೇ ಕೂತಿರುತ್ತೇನೆ ಎಂದಳು. ಟೆಕ್ಸಾಸಿನ ಆಗಸ್ಟ್‌ನಲ್ಲಿ ನಿಂತ ಕಾರಿನಲ್ಲಿ ಕೂರಲಾದೀತೇ? ಕೋಲೂರಿಕೊಂಡು ನನ್ನ ಹಿಂದೆಯೇ ಒಳಗೆ ಬಂದಳು.

ಕ್ಲಾಸು ಇನ್ನೂ ನಡೆದಿತ್ತು. ಅಜ್ಜಿಯರು ಸಾಲಾಗಿ ನಿಂತು ಕಾಲೆತ್ತುತ್ತಿದ್ದರು. ಸಾಲಿನ ತುದಿಯಲ್ಲಿ, ಎದೆಮಟ್ಟದ ನೀರಿನಲ್ಲಿ, ಎರಡೂ ಕೈಯಲ್ಲಿ ಕಂಬಿ ಅಪ್ಪಿಕೊಂಡು ಭಾವ. ಅವರ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಆ ಜಾಗದ ನೇರಕ್ಕೆ, ಕೊಳದ ಅಂಚಿನ ಮೇಲೆ, ಕೆಂಪು ಚೌಕಳಿ ಟವೆಲ್!

ತಡವಾಗಿ ಬಂದ ಹೊಸಬಳೊಬ್ಬಳು ಅಲ್ಲಿಗೇ ಇಳಿಯಲು ಹೋದಳು. ಅಜ್ಜಿಯರು ಒಟ್ಟಿಗೇ ಕೂಗಿದರು: "ಅಲ್ಲಿ ಬೇಡ! ಅದು ಅವನ ಹೆಂಡತಿಯ ಜಾಗ. ಮೊದಲ ದಿನದಿಂದಲೂ ಅದು ಅವಳದೇ!"

ಅಕ್ಕ ಅಲ್ಲೇ ನಿಂತುಬಿಟ್ಟಳು.

"ಏನ್ರೀ ಇದು? ನೀರು ಕಂಡ್ರೆ ನಡುಗೋರು ನೀವು, ಇಲ್ಲೇನ್ ಮಾಡ್ತಿದೀರಾ?"

ಭಾವ ಕಂಬಿ ಬಿಡದೆಯೇ ತಿರುಗಿದರು. "ನೀ ಬರೂತನಕ ಜಾಗಾ ಹಿಡದೀನಿ. ಬಿಟ್ರ ಯಾರರೆ ಬಂದು ನಿಂತಬಿಡ್ತಾರ."

ಮನೆಗೆ ಬರುವಾಗ ಅಕ್ಕ ಕಿಟಕಿಯಾಚೆ ನೋಡುತ್ತ, "ತುಂಬುತೋಳಿನ ಈಜುಬಟ್ಟೆ ಎಲ್ಲಿ ಸಿಗುತ್ತೇ?" ಎಂದು ಕೇಳಿದಳು. ಸ್ಟೇರಿಂಗ್ ಹಿಡಿದ ನನಗೆ ರಸ್ತೆ ಮಂಜಾಯಿತು.

ಮುಂದಿನ ಶನಿವಾರ, ಮೈತುಂಬ ಈಜುಬಟ್ಟೆ ತೊಟ್ಟು, ನನ್ನ ಕೈ ಬಿಗಿಯಾಗಿ ಹಿಡಿದು ಅಕ್ಕ ಒಂದೊಂದೇ ಮೆಟ್ಟಿಲು ಇಳಿದಳು. ಅಜ್ಜಿಯರು ಕಾಲೆತ್ತುವುದನ್ನು ನಿಲ್ಲಿಸಿದರು. ಭಾವ ಒಂದು ಕೈಯನ್ನು ಕಂಬಿಯಿಂದ ಬಿಡಿಸಿಕೊಂಡು ಅಂಚಿನ ಮೇಲಿದ್ದ ಟವೆಲ್ ತೆಗೆದರು, ಒದ್ದೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು ಕೈಯನ್ನೂ ಬಿಟ್ಟು ಅಕ್ಕನತ್ತ ಚಾಚಿದರು.

ಅಕ್ಕ ಆ ಕೈ ಹಿಡಿದು ತನ್ನ ಜಾಗಕ್ಕೆ ಬಂದಳು.

"ಸ್ವಲ್ಪ ಆ ಕಡೆ ಸರೀರಿ" ಎಂದಳು.