ಅರಿಶಿನದ ಕೊಂಬು ಮತ್ತು ಅಲ್ಯೂಮಿನಿಯಂ ಶಾಫ್ಟು

ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಯಂತ್ರಗಳೆಲ್ಲ ಗೊತ್ತಿರುತ್ತವೆ ಎಂದು ನಂಬುವ ಜನ ಇರುವವರೆಗೆ ನನ್ನಂಥವರ ಮರ್ಯಾದೆಗೆ ಕುಂದಿಲ್ಲ. ಎಂಬತ್ತರ ದಶಕದಲ್ಲಿ ನಾನು ಹೊಸೂರಿನ ಒಂದು ಲಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ಸ್ಟೋರ್ಸಿನವನು ಬಿಡಿಭಾಗಗಳನ್ನು ಕೊಡುತ್ತಾನೆ, ತೆಗೆದುಕೊಳ್ಳುತ್ತಾನೆ; ಅವು ಲಾರಿಯೊಳಗೆ ಎಲ್ಲಿ ಕೂರುತ್ತವೆ ಎಂಬುದು ಅವನ ತಲೆನೋವಲ್ಲ. ಆದರೆ ಈ ಗುಟ್ಟನ್ನು ಆಲಸನತ್ತಂ ಬಡಾವಣೆಯ ನಮ್ಮ ಬೀದಿಯವರಿಗೆ ನಾನು ಹೇಳಿರಲಿಲ್ಲ. ಅವರು ಕೆಟ್ಟ ಸೀಮೆಎಣ್ಣೆ ಸ್ಟವ್, ಹೊಲಿಗೆ ಮಿಷನ್ನು, ಗೋಡೆ ಗಡಿಯಾರ ಎಲ್ಲವನ್ನೂ ನನ್ನ ಬಳಿ ತರುತ್ತಿದ್ದರು. ನಾನು ಬಿಚ್ಚಿ, ಊದಿ, ಮತ್ತೆ ಮುಚ್ಚಿ, ಗಂಭೀರವಾಗಿ "ವಾಷರ್ ಹೋಗಿದೆ" ಎನ್ನುತ್ತಿದ್ದೆ. ಗಡಿಯಾರಕ್ಕೆ ವಾಷರ್ ಎಲ್ಲಿರುತ್ತದೆ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಹೀಗೆ ಬೆಳೆದ ಹೆಸರು ಒಂದು ದಿನ ಬೇರೆಯವರ ತಲೆ ಬಿಟ್ಟು ನನ್ನ ತಲೆಗೇ ಏರಿತು.

ಅಷ್ಟರಲ್ಲಿ ನಾನೊಂದು ಹಳೇ ಕಾರು ಕೊಂಡಿದ್ದೆ. ಎಷ್ಟನೆಯ ಕೈ ಎಂದು ಕೇಳಬೇಡಿ, ಮಾರಿದವರಿಗೇ ನೆನಪಿರಲಿಲ್ಲ. ಕೊಂಡದ್ದು ಅಮ್ಮನಿಗಾಗಿ ಎಂದರೆ ನನ್ನ ಹೆಂಡತಿ ಸರೋಜ ನಗುತ್ತಾಳೆ. ಆದರೆ ಮುಕ್ಕಾಲು ಪಾಲು ನಿಜ. ಅಮ್ಮನ ತವರು ಅಂಚೆಟ್ಟಿ ಆಚೆಯ ಕಾಡಂಚಿನ ನಾಟ್ರಾಂಪಾಳ್ಯ. ಅಲ್ಲಿ ಅವಳ ಅಣ್ಣ ಇದ್ದರು. ಮಾವನಿಗೆ ಮೊಣಕಾಲು ನೋವು, ಎಲ್ಲಿಗೂ ಬರುವ ಹಾಗಿಲ್ಲ. ಅಮ್ಮನಿಗೋ ಬಸ್ಸು ಹತ್ತಿದರೆ ದೆಂಕಣಿಕೋಟೆಯವರೆಗೂ ತಡೆಯದು. ಹೊಟ್ಟೆ ತೊಳಸಿ, ಕಿಟಕಿಯಾಚೆ ತಲೆ ಹಾಕಿ, ಕಂಡಕ್ಟರನ ಬೈಗುಳ ತಿಂದು ಅರ್ಧ ದಾರಿಯಲ್ಲಿ ಇಳಿಯುವುದೇ ಆಗಿತ್ತು. ಹೀಗೆ ಅಣ್ಣನ ಮುಖ ನೋಡಿ ಆರು ವರ್ಷವಾಗಿತ್ತು. "ಕಾರಿನಲ್ಲಿ ನಿನ್ನನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಕರಕೊಂಡು ಹೋಗ್ತೀನಿ" ಎಂದು ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು, ನಮ್ಮ ಕಾರು ಬಸ್ಸಿಗಿಂತ ಹೆಚ್ಚು ನಡುಗುತ್ತದೆ ಎಂದು.

ಲೇತ್ ಇಟ್ಟುಕೊಂಡು ಗಾಡಿ ರಿಪೇರಿಯನ್ನೂ ಮಾಡುತ್ತಿದ್ದ ಸೆಲ್ವಂ ಕಾರಿನ ಕೆಳಗೆ ತಲೆ ಹಾಕಿ ನೋಡಿದ. ತಪ್ಪೆಲ್ಲ ಪ್ರೊಪೆಲ್ಲರ್ ಶಾಫ್ಟಿನದು. ಮುಂದಿನ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಶಕ್ತಿಯನ್ನು ಒಯ್ಯುತ್ತ, ಕಾರಿನ ಹೊಟ್ಟೆಯಡಿ ಗಿರಗಿರ ಸುತ್ತುವ ಉದ್ದನೆಯ ಕಬ್ಬಿಣದ ಕೊಳವೆ ಅದು. "ತುದಿ ಕೀಲುಗಳು ಸವೆದವೆ, ಎರಡು ಕ್ರಾಸ್ ಹೊಸಾದು ಹಾಕುದ್ರೆ ಸಾಕು ಸಾರ್, ಸಾಯಂಕಾಲ ತಗೊಂಡೋಗಿ" ಎಂದ. ಇಷ್ಟು ಸುಲಭದ ಪರಿಹಾರ ನನಗೆ ಹಿಡಿಸಲಿಲ್ಲ. ಕಾರ್ಖಾನೆಯ ವಾಚನಾಲಯದಲ್ಲಿ ಒಂದು ವಿದೇಶಿ ಪತ್ರಿಕೆಯಲ್ಲಿ ಓದಿದ್ದೆ: ರೇಸಿನ ಕಾರುಗಳಿಗೆ ಅಲ್ಯೂಮಿನಿಯಂ ಶಾಫ್ಟು ಹಾಕುತ್ತಾರಂತೆ, ಹಗುರವಾದ್ದರಿಂದ ನಡುಕ ಕಡಿಮೆ, ಓಟ ಹೆಚ್ಚಂತೆ. ಮದ್ರಾಸಿನ ಕಡೆ ರೇಸು ಓಡಿಸುತ್ತಿದ್ದ ಒಬ್ಬರು ನಮ್ಮದೇ ಜಾತಿಯ ಕಾರನ್ನು ಬಿಚ್ಚಿ ಮಾರುತ್ತಿದ್ದಾರೆಂದು ಸಹೋದ್ಯೋಗಿಯೊಬ್ಬ ಹೇಳಿದ್ದೇ ತಡ, ಎರಡು ವಾರದಲ್ಲಿ ಗೋಣಿ ಸುತ್ತಿದ ಅಲ್ಯೂಮಿನಿಯಂ ಶಾಫ್ಟು ನಮ್ಮ ಅಂಗಳದಲ್ಲಿತ್ತು. ಕೂರಿಸುವ ಕೆಲಸವನ್ನು ಸೆಲ್ವಂಗೆ ಕೊಡಲಿಲ್ಲ. ಮನೆಯಲ್ಲೇ, ನಾನೇ, ಭಾನುವಾರ ಮಾಡುತ್ತೇನೆಂದು ಬೀದಿಗೆಲ್ಲ ಸಾರಿದೆ.

ಅಮ್ಮ ಬಂದು ಅದನ್ನು ಬೆರಳಿನಿಂದ ತಟ್ಟಿ ನೋಡಿದಳು. "ಅಲ್ಮೀನಿಯಮ್ಮಾ? ಬಿದ್ರೆ ಸೊಟ್ಟಾಗೋ ಪಾತ್ರೆದಲ್ವೇನ್ಲಾ ಇದು? ಇದ್ರಾಗೆ ಗಾಡಿ ಓಡ್ತದಾ?"

"ಹಗುರ ಎಷ್ಟಿದೆ ನೋಡಮ್ಮ" ಎಂದು ನಾನು ಶಾಫ್ಟನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ತೋರಿಸಿದೆ. ಬೀದಿಯವರು ನಾಲ್ಕು ಜನ ಕಾಂಪೌಂಡಿನಾಚೆ ನಿಂತಿದ್ದರಾದ್ದರಿಂದ ಇನ್ನೊಂದು ಸಲ ಎತ್ತಿದೆ. ಆ ಎರಡನೆಯ ಸಲಕ್ಕೆ ಅದರ ಮುಂತುದಿಯ ಜಾರುವ ತುಂಡು ಕಳಚಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿತ್ತು. ನಾನೇನು ಗಾಬರಿಯಾಗಲಿಲ್ಲ. ಬೇಕೆಂದೇ ಬಿಚ್ಚಿದವನಂತೆ ಒರೆಸಿ, ಗ್ರೀಸು ಸವರಿ, ಸಿಕ್ಕಿದ ಹಾಗೆ ಒಳಕ್ಕೆ ತಳ್ಳಿದೆ. ಸಲೀಸಾಗಿ ಹೋಯಿತು. ಸಲೀಸಾಗಿ ಹೋದದ್ದೆಲ್ಲ ಸರಿಯಾಗಿಯೇ ಹೋಗಿದೆ ಎಂದು ನಂಬುವುದು ನನ್ನ ಹುಟ್ಟುಗುಣ.

ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಅದಕ್ಕೆ ಅರಿಶಿನದ ಕೊಂಬು ಕಟ್ಟದೆ ಬಳಸುವ ಪದ್ಧತಿಯಿಲ್ಲ. ಸಂಕ್ರಾಂತಿಯಲ್ಲಿ ಪೊಂಗಲ್ ಮಡಕೆಯ ಕತ್ತಿಗೆ ಕಟ್ಟುವುದು ಎಲ್ಲರಿಗೂ ಗೊತ್ತು. ಅಮ್ಮ ಅಲ್ಲಿಗೆ ನಿಲ್ಲುವವಳಲ್ಲ. ಪ್ರೆಷರ್ ಕುಕ್ಕರಿಗೆ, ರೇಡಿಯೋಗೆ, ಕರೆಂಟಿನ ಮೀಟರ್ ಬೋರ್ಡಿಗೆ ಎಲ್ಲಕ್ಕೂ ಕಟ್ಟಿದ್ದಳು. ಮೀಟರ್ ನೋಡಲು ಬಂದವನು ಕೈಮುಗಿದು ಹೋಗಿದ್ದ. ಈಗ ಶಾಫ್ಟಿನ ಸರದಿ. ನಡುಮಧ್ಯಕ್ಕೆ ಹಳದಿ ದಾರ ಸುತ್ತಿ, ದಪ್ಪನೆಯ ಕೊಂಬೊಂದನ್ನು ಬಿಗಿದು, ಕುಂಕುಮ ಇಟ್ಟಳು. ಕಾರಿನಲ್ಲಿ ಕೂರುವವಳು ಅವಳೇ ಅಲ್ಲವೇ ಎಂದು ನಾನೂ ಸುಮ್ಮನಾದೆ.

ಆ ಭಾನುವಾರ ಗೋಣಿಯ ಮೇಲೆ ಮಲಗಿ ನಾನು ಪಟ್ಟ ಪಾಡನ್ನು ವಿವರಿಸಿದರೆ ಆತ್ಮಪ್ರಶಂಸೆಯಾಗುತ್ತದೆ. ಸರೋಜ ಸ್ಪಾನರುಗಳನ್ನು ಒಂದೊಂದಾಗಿ ಕೊಟ್ಟಳು, ನಾನು ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ. ಮಧ್ಯಾಹ್ನದ ಊಟ ತಣ್ಣಗಾಯಿತು, ಬೀದಿಯವರು ಬಂದು ಬಂದು ನನ್ನ ಕಾಲುಗಳನ್ನು ಮಾತಾಡಿಸಿ ಹೋದರು. ಸಂಜೆಗೆ ಕೊನೆಯ ಬೋಲ್ಟು ಬಿಗಿದು ಎದ್ದೆ. ಸರೋಜಳನ್ನು ಕೂರಿಸಿಕೊಂಡು ಕೃಷ್ಣಗಿರಿ ರಸ್ತೆಗೆ ಹೊರಟೆ. ಗಂಟೆಗೆ ನಲವತ್ತು ಕಿಲೋಮೀಟರಿನವರೆಗೆ ಸುಖ. ನಲವತ್ತು ದಾಟುತ್ತಲೇ ಕಾರು ಚಳಿಜ್ವರ ಬಂದವನ ಹಾಗೆ ನಡುಗಿತು. ನನ್ನ ಕನ್ನಡಕ ಮೂಗಿನಿಂದಿಳಿದು ತುಟಿಯ ಮೇಲೆ ಕೂತಿತು.

"ರೀ, ಹ-ಹಳೇದೇ ವಾ-ವಾಸಿ ಇತ್ತಲ್ರೀ!" ಎಂದಳು ಸರೋಜ. ಅವಳಿಗೆ ತೊದಲುವ ಅಭ್ಯಾಸವಿಲ್ಲ.

ಮನೆಗೆ ಬಂದವನೇ ಕಾರಣ ಹುಡುಕಿದೆ. ನನ್ನನ್ನು ಬಿಟ್ಟು ಹುಡುಕಿದ್ದರಿಂದ ಬೇಗ ಸಿಕ್ಕಿತು. ತಿರುಗುವ ವಸ್ತುವಿನ ಒಂದು ಮಗ್ಗುಲಿಗೆ ಗುಲಗಂಜಿಯಷ್ಟು ತೂಕ ಹೆಚ್ಚಾದರೂ ಅದು ಓಲಾಡುತ್ತದೆ ಎಂದೂ, ಹೆಬ್ಬೆರಳು ಗಾತ್ರದ ಅರಿಶಿನದ ಕೊಂಬು ಕಟ್ಟಿದರೆ ರೇಸಿನ ಶಾಫ್ಟಾದರೂ ಏನು ಮಾಡೀತು ಎಂದೂ ಅಮ್ಮನಿಗೆ ಅಂಗಳದಲ್ಲೇ ಪಾಠ ಹೇಳಿದೆ. ಕಾರಿನಡಿ ನುಸುಳಿ ದಾರ ಕತ್ತರಿಸಿ ಕೊಂಬನ್ನು ಅವಳ ಕೈಗಿಟ್ಟೆ. ಬೀದಿಯವರೂ ಕೇಳಿಸಿಕೊಂಡರು. "ಆಯ್ತು ಬುಡಪ್ಪ. ನಂಗೇನ್ ಗೊತ್ತಾಯ್ತದೆ. ಒಳ್ಳೇದಾಗ್ಲಿ ಅಂತ ಕಟ್ಟಿದ್ದೆ" ಎಂದು ಅಮ್ಮ ಒಳಗೆ ಹೋದಳು. ಅಣ್ಣನಿಗೆಂದು ಕಟ್ಟಿಟ್ಟಿದ್ದ ನಿಪ್ಪಟ್ಟಿನ ಡಬ್ಬ ತೆಗೆದು ನಮಗೆಲ್ಲ ಹಂಚಿಬಿಟ್ಟಳು. ಇನ್ನು ಹೋಗುವುದಿಲ್ಲವೆಂದು ಅವಳೇ ತೀರ್ಮಾನಿಸಿದಂತಿತ್ತು. ಅದು ಗೊತ್ತಾದರೂ ನಾನು ಎರಡು ನಿಪ್ಪಟ್ಟು ತಿಂದೆ.

ಮರುದಿನ ಕೊಂಬಿಲ್ಲದ ಕಾರನ್ನು ಒಬ್ಬನೇ ಓಡಿಸಿ ನೋಡಿದೆ. ನಲವತ್ತು ದಾಟಿದೊಡನೆ ಮತ್ತೆ ಅದೇ ನಡುಕ. ತಲೆ ತಗ್ಗಿಸಿಕೊಂಡು ಸೆಲ್ವಂನ ಬಳಿ ಹೋದೆ. ಅವನು ಕೆಳಗೆ ಬಗ್ಗಿ ಒಂದು ನಿಮಿಷವೂ ನೋಡಿರಲಿಲ್ಲ, ನಗತೊಡಗಿದ. "ಏನ್ ಸಾರ್ ಇದು! ಶಾಫ್ಟಿನ ಈ ತುದಿ ಕವಲು ಆಕಾಶ ನೋಡ್ತೈತೆ, ಆ ತುದಿ ಕವಲು ಗೋಡೆ ನೋಡ್ತೈತೆ. ಎರಡೂ ಒಂದೇ ಕಡೆ ನೋಡ್ಬೇಕಲ್ಲ ಸಾರ್? ಮುಂದಿನ ತುಂಡು ಯಾರ್ ಬಿಚ್ಚಿದ್ದು?"

"ಯಾರೋ ಬಿಚ್ಚಿರಬೇಕು" ಎಂದೆ.

ಅವನು ತುಂಡನ್ನು ಎಳೆದು, ತಿರುಗಿಸಿ, ಮತ್ತೆ ಕೂರಿಸಿದ. ಕಾರು ಬೆಣ್ಣೆಯ ಹಾಗೆ ಓಡಿತು. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು: "ಸರೋಯ್ತೇನ್ಲಾ, ಅದನ್ನ ಬಿಚ್ಚಿದ್ಮ್ಯಾಲೆ?" ನಾನು "ಹೂಂ" ಅಂದೆ. ನನ್ನ ಜೀವನದಲ್ಲಿ ಇಷ್ಟು ಚಿಕ್ಕ ಸುಳ್ಳು ಇನ್ನೊಂದನ್ನು ಹೇಳಿಲ್ಲ.

ಮುಂದಿನ ಭಾನುವಾರ ಹೊಸದಾಗಿ ನಿಪ್ಪಟ್ಟು ಕರಿದು ನಾಟ್ರಾಂಪಾಳ್ಯಕ್ಕೆ ಹೊರಟೆವು. ನಮ್ಮ ಜೊತೆಗೇ ಇದ್ದ ಅಪ್ಪ ಮಾತ್ರ ಮನೆ ಕಾಯುವ ನೆಪ ಹೇಳಿ ಪ್ರಾಣ ಉಳಿಸಿಕೊಂಡರು. ಅಂಚೆಟ್ಟಿಯ ತಿರುವುಗಳಲ್ಲೂ ಅಮ್ಮ ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಕಿಟಕಿಯಿಂದ ಕಾಡು ನೋಡುತ್ತ, ತನ್ನ ಚಿಕ್ಕಂದಿನ ಮರಗಳನ್ನೆಲ್ಲ ಸರೋಜಳಿಗೆ ತೋರಿಸುತ್ತ ಕೂತಿದ್ದಳು. ಅಣ್ಣತಂಗಿ ಕೈ ಹಿಡಿದುಕೊಂಡು ಜಗಲಿಯಲ್ಲಿ ಅತ್ತದ್ದನ್ನು ನೋಡಿ ನನಗೂ ಕಣ್ಣು ತುಂಬಿತು. ಆಮೇಲೆ ಅಮ್ಮ ಶುರು ಮಾಡಿದಳು. "ನಂದೇ ತಪ್ಪು ಅಣ್ಣ. ಅರಿಶಿನ ಕಟ್ಟಿ ಗಾಡಿ ಕೆಡಿಸ್ಬುಟ್ಟಿದ್ದೆ. ಇವ್ನು ಕಂಡುಹಿಡ್ದು ಸರಿಮಾಡ್ದ" ಎಂದು ಮನೆಯವರಿಗೆಲ್ಲ, ಪಕ್ಕದ ಮನೆಯವರಿಗೆಲ್ಲ ಹೆಮ್ಮೆಯಿಂದ ಹೇಳಿದಳು. ನಾನು ಒಬ್ಬಟ್ಟಿನಲ್ಲಿ ಮುಖ ಹುದುಗಿಸಿದೆ.

ಮಾವ ಯೋಚನೆಗೆ ಬಿದ್ದರು. ಕೋಲೂರಿಕೊಂಡು ನನ್ನನ್ನು ಬಾವಿಯ ಬಳಿ ಕರೆದೊಯ್ದರು, ಅಮ್ಮನೂ ಬಂದಳು. ಪಂಪ್‌ಸೆಟ್ಟಿನ ಮೇಲೆ ಒಣಗಿ ಕಪ್ಪಾದ ಕೊಂಬೊಂದು ನೇತಾಡುತ್ತಿತ್ತು. "ಅಳಿಯಾ, ನೀನು ಮಿಷನ್ ಕಂಡೋನು. ಆರು ವರ್ಷದ ಹಿಂದೆ ನಿಮ್ಮಮ್ಮನೇ ಕಟ್ಟಿದ್ದು ಇದು. ಬಿಚ್ಚಾಕ್ಲಾ?" ಎಂದು ಕೇಳಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೇಡ ಮಾವ, ಇರಲಿ" ಎಂದೆ.

ಇಳಿಹೊತ್ತಿನಲ್ಲಿ ವಾಪಸು ಹೊರಟು ನಾಲ್ಕು ತಿರುವು ದಾಟಿರಲಿಲ್ಲ, ಹಿಂದಿನ ಸೀಟಿನಿಂದ ಅಮ್ಮನ ದನಿ ಬಂತು. "ಅಲ್ಲ ಕಣ್ಲಾ, ಆ ಪಂಪು ಆರು ವರ್ಸ ಕೆಡದಂಗೆ ಓಡ್ತಲ್ಲ. ಇದೊಂದ್ಕೆ ಯಾಕೆ ನನ್ನ ಅರಿಶಿನ ಆಗ್ಬರ್ಲಿಲ್ಲ?" ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ತಿಳಿಯದೆ ಕೇಳುತ್ತಿದ್ದಳು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ತುಂಡು ಬಿದ್ದದ್ದು, ತಳ್ಳಿದ್ದು, ಸೆಲ್ವಂ ನಕ್ಕದ್ದು, ಎಲ್ಲ ಹೇಳಿದೆ. ನಾನು ತಪ್ಪು ಮಾಡಿ ನಿನ್ನ ಮೇಲೆ ಹಾಕಿದೆ ಎಂದೆ. ಸರೋಜ ಕಿಟಕಿಯ ಕಡೆ ತಿರುಗಿಕೊಂಡಳು, ನಗುವುದಕ್ಕೆ.

"ಗಾಡಿ ನಿಲ್ಸು" ಎಂದಳು ಅಮ್ಮ.

ಇಳಿದು ನಡೆದೇ ಹೋಗುತ್ತಾಳೇನೋ ಎಂದು ಹೆದರಿ ನಿಲ್ಲಿಸಿದೆ. ಅಮ್ಮ ಸೆರಗಿನ ಗಂಟು ಬಿಚ್ಚಿ, ಹೊರಡುವಾಗ ಅವಳ ಅತ್ತಿಗೆ ಮಡಿಲಿಗೆ ಹಾಕಿದ್ದ ಅರಿಶಿನದ ಕೊಂಬುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿದಳು. ಹೂವಿನ ದಾರದಿಂದ ಒಂದು ಎಳೆ ಕಿತ್ತಳು. ಎರಡನ್ನೂ ನನ್ನ ಕೈಗಿಟ್ಟು, "ಹೋಗು, ಎಲ್ಲಿಂದ ಕಿತ್ತೋ ಅಲ್ಲೇ ಕಟ್ಟು" ಎಂದಳು. ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಕಾಡು ರಸ್ತೆಯ ಕೆಂಪು ಧೂಳಿನಲ್ಲಿ ಅಂಗಾತ ಮಲಗಿ ನಾನು ಮೂರು ಗಂಟು ಹಾಕಿದೆ. ಅಮ್ಮ ಬಗ್ಗಿ ನೋಡಿ, ಇನ್ನೊಂದು ಹಾಕಿಸಿದಳು.

ಊರು ಮುಟ್ಟುವವರೆಗೂ ನಾನು ನಲವತ್ತು ದಾಟಲಿಲ್ಲ. "ಏನಾರ ಅಲುಗ್ತೈತಾ?" ಎಂದು ಅಮ್ಮ ಕೇಳುತ್ತಿದ್ದಳು, "ಇಲ್ಲಮ್ಮ" ಎನ್ನುತ್ತಿದ್ದೆ, ಆ ವೇಗದಲ್ಲಿ ಅದು ಸತ್ಯವೇ. ಆಮೇಲೂ ದಾಟಲಿಲ್ಲ. ದಾಟಿಸಿದಾಗ ಕಾರು ನಡುಗಿದರೆ ಅಮ್ಮನಿಗೆ ಏನು ಹೇಳುವುದು? ನಡುಗದಿದ್ದರೆ, ಬೀದಿಯವರ ಮುಂದೆ ಅಷ್ಟು ಜೋರಾಗಿ ಹೇಳಿದ ಪಾಠದ ಗತಿಯೇನು? ಎರಡೂ ಬೇಡವೆಂದು, ಓಟ ಹೆಚ್ಚಲೆಂದು ಮದ್ರಾಸಿನಿಂದ ತರಿಸಿದ ರೇಸಿನ ಶಾಫ್ಟನ್ನು ಕಾರು ಮಾರುವ ದಿನದವರೆಗೂ ನಲವತ್ತರಲ್ಲೇ ತಿರುಗಿಸಿದೆ. ಸೈಕಲ್ಲಿನವರಿಗೂ ದಾರಿ ಬಿಡುವ ತಾಳ್ಮೆಯ ಮನುಷ್ಯ ಎಂದು ಹೊಸೂರಿನಲ್ಲಿ ಈಗಲೂ ನನಗೆ ಒಳ್ಳೆಯ ಹೆಸರಿದೆ.